ಆ ಮನೆಯಲ್ಲಿ ‘ನೋಡು’ ಅನ್ನುವಂತಿರಲಿಲ್ಲ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ: ಬ್ರೈಲ್ ಈಗಲೂ ಕಲಿಸಬೇಕೇ, ಫೋನಿನಲ್ಲಿ ಯಾವ ಆ್ಯಪ್ ಒಳ್ಳೆಯದು? ನಾನು ಮೊದಲು ಚಹಾ ಕೊಡುತ್ತೇನೆ. ಚುಕ್ಕಿ ಅಕ್ಷರವನ್ನು ತಾಳ್ಮೆಯಿದ್ದವರು ಯಾರು ಬೇಕಾದರೂ ಕಲಿಸಬಹುದು. ಮಾತಾಡುವ ಫೋನನ್ನಂತೂ ಮಕ್ಕಳೇ ನಮಗೆ ಕಲಿಸುತ್ತಾರೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಮಗು ಮೂಲೆ ಹಿಡಿದು ಕೂತಾಗ ಅದನ್ನು ಹೊಸ್ತಿಲಿನಾಚೆ ಕರೆತರುವುದು ಹೇಗೆ ಎಂಬುದಕ್ಕೆ ಮಾತ್ರ ನನ್ನ ತರಬೇತಿಯಲ್ಲಿ ಪಾಠವಿರಲಿಲ್ಲ. ಈಗ ಸೇರಿಸಿದ್ದರೆ ಸಂತೋಷ.

ನನ್ನ ಮನೆ ವಿಜಯಪುರದಲ್ಲಿ. ಕೆಲಸ ಮಾತ್ರ ತಿಕೋಟಾ, ಬಬಲೇಶ್ವರದ ಸುತ್ತಿನ ಊರುಗಳಲ್ಲಿ. ಕಣ್ಣು ಕಾಣದ, ಕಡಿಮೆ ಕಾಣುವ ಮಕ್ಕಳನ್ನು ಅವರವರ ಶಾಲೆಗೆ ಹೋಗಿ, ಶಾಲೆಗೆ ಬಾರದಿದ್ದರೆ ಮನೆಗೇ ಹೋಗಿ ಕಲಿಸುವ ಶಿಕ್ಷಕಿ ನಾನು. ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆಯಿತು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ನನಗೆ ಹೆಸರಿತ್ತು. ಅದೇನೂ ಸುಳ್ಳಲ್ಲ.

ಒಮ್ಮೆ ನಮ್ಮ ಮೇಲಧಿಕಾರಿಯೊಬ್ಬರಿಗೆ ಹುರುಪು ಬಂದು, ಮಕ್ಕಳಿಗೆಲ್ಲ ಬಿಳಿ ಕೋಲು ಹಂಚುವ ಸಮಾರಂಭ ಇಟ್ಟರು. ಶಾಮಿಯಾನ, ಹಾರ, ಭಾಷಣ ಎಲ್ಲ ಆಯಿತು. ಒಬ್ಬೊಬ್ಬರ ಹೆಸರು ಕೂಗಿ, ವೇದಿಕೆಗೆ ಕರೆದು, ಕೈಗೆ ಕೋಲು ಕೊಟ್ಟು ಫೋಟೋ ತೆಗೆದರು. ಸಣ್ಣ ಮಕ್ಕಳು ಕೋಲು ಕುಟ್ಟುತ್ತಾ ಖುಷಿಯಲ್ಲಿ ಮನೆಗೆ ಹೋದವು. ಹೈಸ್ಕೂಲಿನ ಮಕ್ಕಳು ಮುಖ ಗಂಟಿಕ್ಕಿಕೊಂಡು ಬಸ್ಸು ಹತ್ತಿದರು. ಮರುದಿನ ಅದೇ ಬಸ್ಸಿನ ಕಂಡಕ್ಟರು ನನ್ನನ್ನು ನಿಲ್ಲಿಸಿ, "ಅಕ್ಕಾರ, ಈ ಕೋಲೆಲ್ಲಾ ನಿಮ್ಮವೇನ್ರಿ? ಸೀಟಿನ ಕೆಳಗ ಒಂದು ಹೊರಿ ಆಗ್ಯಾವ, ಒಯ್ರಿ," ಅಂದ. ದೊಡ್ಡ ಮಕ್ಕಳೆಲ್ಲ ಕೋಲುಗಳನ್ನು ಬೇಕೆಂದೇ ಅಲ್ಲಿ ಬಿಟ್ಟು ಇಳಿದಿದ್ದರು.

"ಪುಕ್ಕಟೆ ಕೊಟ್ಟದ್ದಕ್ಕ ಕಿಮ್ಮತ್ತಿರಾಂಗಿಲ್ಲ," ಎಂದು ಸಾಹೇಬರು ತೀರ್ಪು ಕೊಟ್ಟು ಕೈ ತೊಳೆದುಕೊಂಡರು. ಬಬಲೇಶ್ವರದ ಒಬ್ಬ ಹುಡುಗಿಯನ್ನು ನಾನು ಕೇಳಿದೆ, ಯಾಕೆ ಬಿಟ್ಟೆ ಅಂತ. "ಕೋಲು ಹಿಡದ್ರ, ನಾ ಬಾಯಿ ತೆಗಿಯೂಕಿಂತ ಮೊದಲ ಅದ ಎಲ್ಲಾರಿಗೂ ಹೇಳಿಬಿಡ್ತದ್ರಿ ಅಕ್ಕಾರ," ಅಂದಳು. ಆ ವಯಸ್ಸಿಗೆ ನಾಲ್ಕು ಜನರ ನಡುವೆ ಬೇರೆಯಾಗಿ ಕಾಣುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಂದಿನಿಂದ ದೊಡ್ಡ ಮಕ್ಕಳಿಗೆ ಅವರಾಗಿ ಕೇಳುವ ತನಕ ನಾನು ಕೋಲು ಕೊಡಲಿಲ್ಲ. ಕೇಳಿದಾಗಲೂ ಮನೆಯೊಳಗೆ, ಯಾರೂ ಇಲ್ಲದ ಹೊತ್ತಿನಲ್ಲಿ ಕೊಡುತ್ತಿದ್ದೆ. ಮಡಚುವ ಕೋಲು ಬಂದ ಮೇಲೆ ಈ ಕೆಲಸ ಎಷ್ಟೋ ಸಲೀಸಾಯಿತು, ಯಾಕೆಂದರೆ ಅದನ್ನು ಬ್ಯಾಗಿನಲ್ಲಿ ಬಚ್ಚಿಡಬಹುದು.

ಬಚ್ಚಿಡುವುದರಲ್ಲಿ ಈ ಮಕ್ಕಳು ಎಂಥ ನಿಪುಣರು ಎಂಬುದನ್ನು ನನಗೆ ತೋರಿಸಿದವನು ಅಸ್ಲಂ. ಸೊಲ್ಲಾಪುರ ರಸ್ತೆಯಲ್ಲಿ ಅವರ ಅಪ್ಪನ ವೆಲ್ಡಿಂಗ್ ಅಂಗಡಿ. ಹುಡುಗನಿಗೆ ಇರುಳುಗಣ್ಣು, ಹಗಲಿನ ನೋಟವೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿತ್ತು. ಮನೆಯಲ್ಲಿ ಯಾರಿಗೂ ಸುಳಿವಿಲ್ಲ. ನಮ್ಮ ಕಡೆ ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡೇ ತಿರುಗುತ್ತಾರಲ್ಲ, ಇವನೂ ಸಂಜೆಯಾದರೆ ದೋಸ್ತರ ಹೆಗಲು ಹಿಡಿದು ತಿರುಗುತ್ತಿದ್ದ. ಯಾರಿಗೆ ಅನುಮಾನ ಬರಬೇಕು? ಒಂದು ಸಂಜೆ ಒಬ್ಬನೇ ಹೊರಟು ಗಟಾರಕ್ಕೆ ಬಿದ್ದ ಮೇಲೆ ಗುಟ್ಟು ಹೊರಬಿತ್ತು. "ಕಣ್ಣು ಹೋದ್ರ ಹೋಗ್ಲಿ ಬಿಡ್ರಿ ಅಕ್ಕಾರ, ದೋಸ್ತರ ಮುಂದ ಇಜ್ಜತ್ ಹೋಗಬಾರದು," ಎಂದು ನನ್ನ ಮುಂದೆ ಅತ್ತ. ದೋಸ್ತರಿಗೆ ಹೇಗೆ ಹೇಳಬೇಕು ಎಂಬುದನ್ನು ನನ್ನ ಮುಂದೆಯೇ ಮತ್ತೆ ಮತ್ತೆ ಹೇಳಿ ರೂಢಿ ಮಾಡಿಕೊಂಡ. ಕೊನೆಗೆ ಒಂದು ದಿನ ಚಹಾದಂಗಡಿಯಲ್ಲಿ, "ಲೇ, ಸಂಜಿ ಆದ್ರ ನನಗ ಕಾಣಾಂಗಿಲ್ಲ," ಎಂದು ಹೇಳಿಯೇಬಿಟ್ಟ. ಅವರು, "ಯಾವಾಗಿಂದೋ ಗೊತ್ತದ ಬಿಡಲೇ, ಚಹಾ ಕುಡಿ," ಅಂದರಂತೆ. ಇದನ್ನು ನನಗೆ ಹೇಳುವಾಗ ಅವನಿಗೆ ನಗು, ಸಿಟ್ಟು ಎರಡೂ ಬಂದಿದ್ದವು.

ಎಲ್ಲ ಕಥೆಯೂ ಹೀಗೆ ಚಹಾದಲ್ಲಿ ಮುಗಿಯುವುದಿಲ್ಲ. ಘೋಣಸಗಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಮಗನಿಗೆ ಮೂವತ್ತು ದಾಟಿತ್ತು. ಹೈಸ್ಕೂಲಿನಲ್ಲಿದ್ದಾಗ ಕಣ್ಣು ಹೋದವನು, ಅಂದಿನಿಂದ ಮನೆಯಲ್ಲೇ. ತಾಯಿ ತುತ್ತು ಮಾಡಿ ಉಣಿಸುತ್ತಿದ್ದಳು, ತಂದೆ ಕೈಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದ. ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ. ಅಂಗಳದ ಬೇವಿನ ಮರ ಬಾಗಿಲಿನಿಂದ ಯಾವ ಕಡೆಗಿದೆ ಎಂದು ಕೇಳಿದರೆ ಆ ಗಂಡಸು ಉತ್ತರಕ್ಕಾಗಿ ತಾಯಿಯ ಕಡೆ ಮುಖ ತಿರುಗಿಸಿದ. ಅಲ್ಲಿಂದ ಎದ್ದು ಬಂದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಹದಿನೈದರಲ್ಲಿ ಮನೆ ಸೇರಿದ ಮಗುವಿಗೆ ಮುಂದೆ ಏನಾಗುತ್ತದೆ ಎಂಬುದನ್ನು ಆ ಮನೆ ನನಗೆ ಕಲಿಸಿತು. ಹೊನವಾಡದ ಭಾಗ್ಯಶ್ರೀಯ ವಿಷಯದಲ್ಲಿ ನಾನು ಅಷ್ಟು ಹಟ ಹಿಡಿದದ್ದು ಅದಕ್ಕೇ.

ಭಾಗ್ಯಾ ಒಂಬತ್ತನೇ ತರಗತಿಯಲ್ಲಿದ್ದಾಗ ಕೆಲವೇ ತಿಂಗಳಲ್ಲಿ ಕಣ್ಣು ಕಳೆದುಕೊಂಡಳು. ವಿಜಯಪುರದ ಡಾಕ್ಟರು ಕಣ್ಣಿನ ನರ ಒಣಗಿವೆ ಅಂದರು, ದೊಡ್ಡ ಆಸ್ಪತ್ರೆಯವರೂ ಅದನ್ನೇ ಅಂದರು. ಹತ್ತನೇ ತರಗತಿ ಶುರುವಾಯಿತು, ಹುಡುಗಿ ಶಾಲೆಗೆ ಬರಲಿಲ್ಲ. ಇನ್ನೆಷ್ಟು ದಿನ ಹಾಜರಿಯಲ್ಲಿ ಹೆಸರಿಟ್ಟುಕೊಳ್ಳುವುದು ಎಂದು ಹೆಡ್‌ಮಾಸ್ತರರು ಚಡಪಡಿಸುತ್ತಿದ್ದರು. ಅಪ್ಪ ಮಲ್ಲಪ್ಪನಿಗೆ ದ್ರಾಕ್ಷಿ ತೋಟ. ಮಾತು ಕಡಿಮೆ, ಮಗಳೆಂದರೆ ಪ್ರಾಣ.

"ಕಣ್ಣಿದ್ದವರಿಗೇ ಹತ್ತನೇತ್ತೆ ಪಾಸಾಗೂದು ತ್ರಾಸ ಅದ. ಅಕಿ ಮನ್ಯಾಗ ಆರಾಮ ಇರ್ಲಿ ಬಿಡ್ರಿ ಅಕ್ಕಾರ," ಅಂದ ಮೊದಲ ದಿನವೇ.

ನಾನು ಹೋಗುವುದನ್ನು ಬಿಡಲಿಲ್ಲ. ಭಾಗ್ಯಾ ನಡುಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದಳು. ಏನು ಕೇಳಿದರೂ "ಹೂಂರಿ", ಇಲ್ಲವಾದರೆ "ಬ್ಯಾಡ್ರಿ". ಬ್ರೈಲ್ ಹಾಳೆ ಮುಂದಿಟ್ಟರೆ ಬೆರಳು ಹಿಂದಕ್ಕೆ. ಫೋನಿನಲ್ಲಿ ಪಾಠ ಕೇಳಿಸಿದರೆ ಮುಖ ಆಚೆ. ಇದೆಲ್ಲ ನನಗೆ ಹೊಸದಲ್ಲ. ಹೊಸದೆನಿಸಿದ್ದು ಆ ಮನೆಯ ಮಾತು. ಎಲ್ಲರೂ ಶುರು ಮಾಡಿದ ವಾಕ್ಯವನ್ನು ಅರ್ಧಕ್ಕೇ ನುಂಗುತ್ತಿದ್ದರು. ಅವ್ವ ಶಾಂತವ್ವ ಒಲೆಯ ಮುಂದಿನಿಂದ, "ಸಾರಿಗಿ ಉಪ್ಪ ಸರಿ ಆಗ್ಯಾದೇನು, ಒಂಚೂರು ತಿಂದ್..." ಎಂದು ತಡೆದು, "ತಿಂದ ಹೇಳವಾ," ಎಂದು ಮುಗಿಸುತ್ತಿದ್ದಳು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಮಲ್ಲಪ್ಪನ ತಂದೆ ಬಸಪ್ಪ ಮುತ್ಯಾನದು ಇನ್ನೂ ವಿಚಿತ್ರ. ಹೊರಗಿನ ಕಟ್ಟೆಯ ಮೇಲೆ ಕೂತು ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಾ ನನ್ನೊಡನೆ ಹರಿಕಥೆಯನ್ನೇ ಹೇಳುವನು. "ನೋಡ್ರಿ ಅಕ್ಕಾರ, ಅಲ್ನೋಡ್ರಿ, ಆ ಬಸ್ಸಿನ್ಯಾಗಿಂದ ಇಳದಾನಲ್ಲ, ಅವ ನಮ್ಮ ಬೀಗರ ಪೈಕಿ ನೋಡ್ರಿ, ಹೊಸಾ ಅಂಗಿ ಹಾಕ್ಯಾನ ಅಂದ್ರ ಎಲ್ಲೋ ಊಟದ ಮನಿಗಿ ಹೊಂಟಾನ ನೋಡ್ರಿ." ಅದೇ ಮುತ್ಯಾ ಒಳಗೆ ಕಾಲಿಟ್ಟರೆ ಮೂಕ. ಭಾಗ್ಯಾ ಬಚ್ಚಲಿಗೆಂದು ಗೋಡೆ ಹಿಡಿದು ಹೊರಗೆ ಬಂದರೂ ಸಾಕು, ಮಾತು ಗಪ್ಪನೆ ನಿಂತುಬಿಡುವುದು.

ಒಂದು ದಿನ ಪಾಠದ ಭರದಲ್ಲಿ ನಾನೇ, "ಇಲ್ಲಿ ನೋಡವಾ ಭಾಗ್ಯಾ," ಅಂದೆ. ಒಳಗೆ ಶಾಂತವ್ವನ ಕೈಯಿಂದ ಸೌಟು ಬಿತ್ತು. ಬಾಗಿಲಲ್ಲಿದ್ದ ಮಲ್ಲಪ್ಪ ನನ್ನನ್ನು ಸನ್ನೆ ಮಾಡಿ ಹೊರಗೆ ಕರೆದ.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನಮ್ಮ ಮನ್ಯಾಗ ಆ ಶಬ್ದ ಅನ್ನಾಂಗಿಲ್ರಿ."

"ಯಾವ ಶಬ್ದನಪಾ?"

"ಈಗ ಅಂದ್ರಲ್ಲ, ಅದ್ರಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಅವನು ಹೇಳಿದ್ದು ಇಷ್ಟು: ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಭಾಗ್ಯಾಳ ಚಿಕ್ಕವ್ವ ಶಾಂತವ್ವನಿಗೆಂದು ಹೊಸ ಸೀರೆ ತಂದು, ರೂಢಿಯಂತೆ "ನೋಡವಾ, ಎಷ್ಟ ಛಂದ ಅದ" ಅಂದಿದ್ದಳು. ಹುಡುಗಿ ಅವತ್ತು ಇಡೀ ದಿನ ಅತ್ತಳು, ಊಟ ಮುಟ್ಟಲಿಲ್ಲ. ಕುರುಡು ಮಗಳ ಮುಂದೆ ‘ನೋಡು’ ಅನ್ನುವುದು ಗಾಯಕ್ಕೆ ಉಪ್ಪು ಹಾಕಿದಂತೆ ಎಂದುಕೊಂಡ ಮಲ್ಲಪ್ಪ, ಈ ಮನೆಯಲ್ಲಿ ಇನ್ನು ಆ ಮಾತು ಯಾರ ಬಾಯಿಂದಲೂ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ. ಮಗಳಿಗೆ ಇದನ್ನು ಹೇಳಿರಲಿಲ್ಲ. ಹೇಳಬೇಕಾದರೆ ಆ ಶಬ್ದವನ್ನೇ ಆಡಬೇಕಲ್ಲ!

ಬೇರೆ ಸೀಮೆಯಲ್ಲಾದರೆ ಹೇಗೋ ನಡೆಯುತ್ತಿತ್ತೇನೋ. ನಮ್ಮ ಕಡೆ ಮಾತಿಗೊಂದು ‘ನೋಡ್ರಿ’ ಬೇಕು. ಹೌದು ನೋಡ್ರಿ, ಹಂಗಲ್ಲ ನೋಡ್ರಿ, ಮಳಿ ಬಂತು ನೋಡ್ರಿ. ನಾವು ಕಣ್ಣಿನಿಂದ ಮಾತ್ರ ನೋಡುವವರೂ ಅಲ್ಲ. ತಿಂದು ನೋಡುತ್ತೇವೆ, ಮುಟ್ಟಿ ನೋಡುತ್ತೇವೆ, ಕೇಳಿ ನೋಡುತ್ತೇವೆ, ಹೋಗಿ ನೋಡುತ್ತೇವೆ. ಆ ಒಂದು ಮಾತು ಕಿತ್ತರೆ ಉಳಿದ ಮಾತೆಲ್ಲ ಕುಂಟುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಮನೆಯ ಮೌನ ನನಗಂತೂ ಹಿತ್ತಾಳೆಯಂತೆಯೂ ಕಾಣಲಿಲ್ಲ. ಆದರೂ ಅಪ್ಪನಾದವನ ಸಂಕಟ, ಒಮ್ಮೆಲೇ ಬಾಯಿಗೆ ಬಂದಂತೆ ಅನ್ನುವುದು ಬೇಡವೆಂದು ಬಸ್ಸು ಹತ್ತಿದೆ.

ಮುಂದಿನ ಸಲ ಹೋದಾಗ ಪುಸ್ತಕ ತೆಗೆಯಲಿಲ್ಲ. ಭಾಗ್ಯಾಳ ಪಕ್ಕದಲ್ಲಿ ನಾನೂ ಗೋಡೆಗೆ ಬೆನ್ನು ಹಚ್ಚಿ ಕೂತು, "ಸಾಲಿಗಿ ಯಾಕ ಒಲ್ಲಿ, ಖರೇ ಹೇಳು," ಅಂದೆ. ಅವಳು ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು.

"ಮುತ್ಯಾ ಎಲ್ಲಾರ ಜೋಡಿ ಮಾತಾಡ್ತಾನ್ರಿ. ನಾ ಬಂದ ಕೂಡ್ಲೆ ನಿಲ್ಲಸ್ತಾನ. ಮೊದಲೆಲ್ಲಾ ನನ್ನ ಬಿಟ್ಟ ಚಹಾನೂ ಕುಡೀತಿರ್ಲಿಲ್ಲ. ಮನ್ಯಾಗಿನ ಮುತ್ಯಾಗ ಬ್ಯಾಡಾದಾಕಿ ಸಾಲ್ಯಾಗ ಯಾರಿಗಿ ಬೇಕಾಗ್ತೇನ್ರಿ?"

ಎಲ್ಲರೂ ಸೇರಿ ಮಗುವಿಗೆ ನೋವಾಗಬಾರದೆಂದು ಬಾಯಿ ಕಟ್ಟಿಕೊಂಡಿದ್ದಾರೆ, ಮಗು ಆ ಮೌನವನ್ನು ಅಸಹ್ಯ ಎಂದು ತಿಳಿದುಕೊಂಡಿದೆ. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಎದ್ದು ನಿಂತು ದೊಡ್ಡ ದನಿಯಲ್ಲಿ ಕೂಗಿದೆ: "ಎಲ್ಲಾರೂ ಒಳಗ ಬರ್ರಿ. ಮುತ್ಯಾ, ನೀವೂ ಬರ್ರಿ."

ಏನಾಯಿತೋ ಎಂದು ಮೂವರೂ ಓಡಿ ಬಂದರು. ನಾನು ಭಾಗ್ಯಾಳನ್ನು ಕೇಳಿದೆ: "ಚಿಕ್ಕವ್ವ ಸೀರಿ ತಂದಾಗ ನೀ ಯಾಕ ಅತ್ತಿ? ನೋಡ ಅಂದಿದ್ದಕ್ಕ?" ಮಲ್ಲಪ್ಪನ ಮುಖ ಕಪ್ಪಿಟ್ಟಿತು. ಒಂದು ಹೆಜ್ಜೆ ಮುಂದೆ ಬಂದ. ಬೈಯುವವನೇ ಇದ್ದ, ಅಷ್ಟರಲ್ಲಿ ಮಗಳೇ ಮಾತಾಡಿದಳು.

"ಇಲ್ರಿ. ಸೀರಿ ಎಲ್ಲಾರ ಕೈಯಾಗೂ ಅಡ್ಡಾಡಿ ಬಂತು. ಅತ್ತಿ ಮುಟ್ಟಿದ್ಲು, ಬಾಜೂಮನಿ ಕಾಕೂ ಮುಟ್ಟಿದ್ಲು. ನಾನೂ ಕೈ ಚಾಚಿದ್ದೆ. ಅವ್ವ ಮಡಿಚಿ ಟ್ರಂಕಿನ್ಯಾಗ ಇಟ್ಟಬಿಟ್ಲು. ನೋಡ ಅಂದಿದ್ದಕ್ಕಲ್ರಿ ಅತ್ತದ್ದು. ನೋಡಾಕ ಕೊಡಲಿಲ್ಲಲ್ರಿ, ಅದಕ್ಕ."

ಶಾಂತವ್ವ ಸೆರಗು ಬಾಯಿಗೊತ್ತಿಕೊಂಡು, "ನಿನಗ ಸಂಕಟ ಆಗ್ತದಂತ ಲಗೂನ ಒಳಗಿಟ್ನಿ ನನ ಕೂಸ," ಎಂದು ಅತ್ತಳು. ಮುತ್ಯಾ ಮಾತ್ರ ತಡೆಯದೆ ಮೊಮ್ಮಗಳ ಮುಂದೆ ಕುಕ್ಕರಿಸಿದ.

"ಯವ್ವಾ, ನಿಮ್ಮಪ್ಪ ಈ ಮನಿಗೆಲ್ಲಾ ಬಾಯಿಗಿ ಬೀಗ ಜಡದಿದ್ದ ನೋಡವಾ. ನೋಡ ಅನ್ನಬಾರದಂತ! ನನಗ ಆ ಮಾತಿಲ್ದ ಬ್ಯಾರೆ ಮಾತ ಬರೂದಿಲ್ಲ. ನೀ ಬಂದಾಗೆಲ್ಲಾ ಎಲ್ಲಿ ಬಾಯಿ ಜಾರತದೋ ಅಂತ ನಾಲಿಗಿ ಕಚಗೊಂಡ ಕುಂದರ್ತಿದ್ದೆ."

"ಹಂಗಾರ ನಾ ನಿನಗ ಬ್ಯಾಡಾಗಿಲ್ಲೇನು?"

"ಹುಚ್ಚಿ, ನೀ ಬ್ಯಾಡಾದ್ರ ನನಗ ಊರಾಗ ಮತ್ತ ಯಾರು ಬೇಕ?"

ಮುದುಕ ಅತ್ತ, ಹುಡುಗಿ ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಶಾಂತವ್ವ ಟ್ರಂಕು ತೆಗೆದು ಸೀರೆ ತಂದು ಮಗಳ ತೊಡೆಯ ಮೇಲಿಟ್ಟಳು. ಭಾಗ್ಯಾ ಸೆರಗಿನಿಂದ ಅಂಚಿನವರೆಗೆ ಕೈಯಾಡಿಸಿದಳು, ಬಣ್ಣ ಕೇಳಿದಳು. ಗಿಣಿಹಸಿರು, ಕೆಂಪು ಅಂಚು ಎಂದು ಅವ್ವ ಹೇಳಿದಾಗ, ಮೂಗು ಮುರಿದು, "ನಿನ್ನ ಬಣ್ಣಕ್ಕ ಇದು ಒಪ್ಪಾಂಗಿಲ್ಲ ಬೇ," ಅಂದಳು. ಕಣ್ಣೀರಿನಲ್ಲೇ ಎಲ್ಲರೂ ನಕ್ಕರು. ಮಲ್ಲಪ್ಪ ಅಷ್ಟರಲ್ಲಿ ಹೊರಗೆ ಹೋಗಿದ್ದ. ನಾನು ಬಸ್ಸಿಗೆ ಹೊರಟಾಗ ಕಟ್ಟೆಯ ಮೇಲೆ ಕೂತಿದ್ದವನು, "ಗಾಯಕ್ಕ ಗಾಳಿ ತಾಗಬಾರದಂತ ಕಟ್ಟಿದ್ದೆರಿ ಅಕ್ಕಾರ," ಎಂದಷ್ಟೇ ಹೇಳಿದ. ನನ್ನಂಥ ಬಾಯಿಬಡುಕಿಗೂ ಅವನಿಗೆ ಒಂದು ಮಾತು ಅನ್ನಲು ಮನಸ್ಸಾಗಲಿಲ್ಲ.

ಮರುದಿನವೇ ಹುಡುಗಿ ಬ್ಯಾಗು ಹಾಕಿಕೊಂಡು ಶಾಲೆಗೆ ಹೊರಟಳು ಎಂದುಕೊಳ್ಳಬೇಡಿ. ಇಂಥ ಮಕ್ಕಳ ಮನಸ್ಸು ಎರಡು ಹೆಜ್ಜೆ ಮುಂದೆ ಬಂದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಕೆಲವು ದಿನ ಎಲ್ಲರ ಮೇಲೂ ಸಿಡುಕುತ್ತಿದ್ದಳು, ಕೆಲವು ದಿನ ಮತ್ತೆ ಮೂಲೆ. ಹೊಸಬರು ಇಂಥ ಸಿಟ್ಟು ಕಂಡರೆ ಗಾಬರಿಯಾಗುತ್ತಾರೆ. ನನಗೆ ಮಾತ್ರ ಮಂಕು ಬಡಿದಂತೆ ಕೂತ ಮಗುವಿಗಿಂತ ಸಿಡುಕುವ ಮಗುವಿನ ಮೇಲೆ ನಂಬಿಕೆ ಹೆಚ್ಚು. ಒಂದು ಮಧ್ಯಾಹ್ನ ಅವಳಾಗಿ ಕೇಳಿದಳು: "ಮಡಚೂ ಕೋಲು ಇರ್ತದಂತಲ್ರಿ, ಬ್ಯಾಗಿನ್ಯಾಗ ಹಿಡಸ್ತದೇನ್ರಿ?" ನನ್ನ ಚೀಲದಲ್ಲೇ ಇತ್ತು, ಆದರೂ ಮುಂದಿನ ವಾರ ತರುತ್ತೇನೆ ಅಂದೆ. ಕೇಳಿದ ಕೂಡಲೇ ಕೊಟ್ಟಿದ್ದರೆ ನಾನು ಕಾಯುತ್ತಿದ್ದದ್ದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಮೊದಲು ಅಂಗಳ, ಆಮೇಲೆ ಓಣಿ, ಆಮೇಲೆ ಶಾಲೆಯ ದಾರಿ. ಮುತ್ಯಾ ಜೊತೆಗೇ ಹೊರಡುವನು. ಇಷ್ಟು ದಿನ ಕಟ್ಟಿಟ್ಟ ಮಾತಿನ ಕಟ್ಟೆ ಒಡೆದಿತ್ತಲ್ಲ, ಕಲ್ಲು, ಎಮ್ಮೆ, ಹೊಸ ಅಂಗಡಿ, ಯಾರದೋ ಮೋಟರ್ ಸೈಕಲ್ಲು, ಒಂದನ್ನೂ ಬಿಡದೆ ವರದಿ ಒಪ್ಪಿಸುವನು. ಕೊನೆಗೆ ಅವಳೇ ನಿಂತು, "ಮುತ್ಯಾ, ಸ್ವಲ್ಪ ಸುಮ್ಮ ನಡಿಯೋ, ನನಗ ಗಾಡಿ ಸಪ್ಪಳ ಕೇಳಬೇಕು," ಅಂದಳು. ಮುದುಕ ನನ್ನ ಕಡೆ ತಿರುಗಿ, "ಮೊದಲ ಮಗ ಬಾಯಿ ಮುಚ್ಚಿಸಿದ, ಈಗ ಮೊಮ್ಮಗಳು," ಎಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ.

ಶಾಲೆಗೆ ಹೋಗಲು ಶುರು ಮಾಡಿದ್ದೂ ಆಯಿತು. ನಾನು ಗೆದ್ದೆ ಎಂದುಕೊಂಡೆ. ತಿಂಗಳೊಳಗೆ ಹುಡುಗಿಯ ಮುಖ ಮತ್ತೆ ಬಾಡಿತು.

"ಮುಂದಿನ ಬೆಂಚಿನ್ಯಾಗ ಒಬ್ಬಾಕಿನ್ನ ಕುಂದ್ರಸ್ಯಾರ್ರಿ. ಪ್ರಶ್ನೆ ಕೇಳಾಂಗಿಲ್ಲ. ಹೋಮ್‌ವರ್ಕ್ ಮಾಡದಿದ್ರೂ ಬೈಯಾಂಗಿಲ್ಲ. ಗೆಳತ್ಯಾರು ಪಿಸುಪಿಸು ಮಾತಾಡ್ತಾರ. ಇಲ್ಲಿ ಗೋಡಿಗಿ ಕುಂದ್ರೂದು, ಅಲ್ಲಿ ಬೆಂಚಿಗಿ ಕುಂದ್ರೂದು, ಏನ ಫರಕ ಅದ? ನಾ ನಾಳಿಂದ ಸಾಲಿಗಿ ಹೋಗಾಂಗಿಲ್ಲ."

ಆ ಕೊನೆಯ ಮಾತಿಗೆ ಮನೆಯವರ ಜೀವ ಹಾರಿಹೋಯಿತು. ಶಾಂತವ್ವ ದೇವರ ಮುಂದೆ ಊದಿನಕಡ್ಡಿ ಹಚ್ಚಿದಳು. ಮಲ್ಲಪ್ಪ, "ಸಾಕ್ರಿ ಅಕ್ಕಾರ, ಇನ್ನ ಅಕಿಗಿ ತ್ರಾಸ ಕೊಡೂದ ಬ್ಯಾಡ," ಅಂದ. ನನಗೂ ಒಳಗೆ ಅಳುಕು. ಈ ಸಲ ಮನೆ ಸೇರಿದರೆ ಮತ್ತೆ ಹೊರಗೆ ಬರುವವಳಲ್ಲ. ಇನ್ನು ಹದಿನೈದೇ ದಿನ ಹೋಗು, ಆಮೇಲೆ ನಾನು ಕೇಳುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡು, ನೆಟ್ಟಗೆ ಶಾಲೆಗೆ ಹೋದೆ.

ಗಣಿತದ ಮಾಸ್ತರರು ಒಳ್ಳೆಯ ಮನುಷ್ಯ. "ಪಾಪ, ಅಂಥಾ ಹುಡುಗಿಗಿ ಹೆಂಗ ಬೈಲ್ರಿ ಮೇಡಮ್ಮಾರ? ನಾಲಿಗಿ ಏಳಾಂಗಿಲ್ರಿ," ಅಂದರು.

"ಪಾಪ ಅನ್ನೂದೊಂದು ಬಿಡ್ರಿ ಸರ, ಬ್ಯಾರೆ ಏನರೆ ಅನ್ರಿ," ಅಂದೆ. ಅವಳ ಬೆಂಚಿಗೆ ಗೆಳತಿಯರನ್ನು ಕೂರಿಸಿ, ಬೋರ್ಡಿನ ಮೇಲೆ ಬರೆದದ್ದನ್ನು ಬಾಯಿಬಿಟ್ಟು ಹೇಳಿ, ಎಲ್ಲರಿಗೂ ಕೇಳುವ ಪ್ರಶ್ನೆ ಅವಳಿಗೂ ಕೇಳಿ ಎಂದು ಹೇಳಿ ಬಂದೆ. ತಲೆಯಾಡಿಸಿದರು. ಅರ್ಧ ಒಪ್ಪಿಗೆ, ಅರ್ಧ ಭಯ.

ಹದಿನೈದು ದಿನದ ಗಡುವು ಮುಗಿಯುವ ಮೊದಲೇ, ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಮಲ್ಲಪ್ಪನ ಫೋನು ರಿಂಗಾಯಿತು. ಹೆಡ್‌ಮಾಸ್ತರರು. ಮಲ್ಲಪ್ಪ ಸ್ಪೀಕರ್ ಹಾಕಿದ. ಅವರು ತಡವರಿಸುತ್ತಾ ಹೇಳಿದರು: ನಾಲ್ವರು ಹುಡುಗಿಯರು ಕ್ಲಾಸಿನಲ್ಲಿ ಮಾತಾಡುತ್ತಾ ನಗುತ್ತಿದ್ದರಂತೆ, ಗಣಿತದ ಮಾಸ್ತರರಿಗೆ ಸಿಟ್ಟು ಬಂದು ನಾಲ್ವರನ್ನೂ ಬೈದು ಹೊರಗೆ ನಿಲ್ಲಿಸಿದರಂತೆ. "ಅದರಾಗ ನಿಮ್ಮ ಭಾಗ್ಯಶ್ರೀನೂ ಇದ್ಲು. ಮಾಸ್ತರರಿಗಿ ಆಮ್ಯಾಲ ಭಾಳ ಕೆಟ್ಟ ಅನಸೇದ. ಮನಸಿಗಿ ಹಚಗೋಬ್ಯಾಡ್ರಿ."

"ಒಬ್ಬಾಕಿನ್ನ ನಿಂದ್ರಿಸಿದ್ರೇನ್ರಿ, ಎಲ್ಲಾರ ಜೋಡಿ ನಿಂದ್ರಿಸಿದ್ರೇನ್ರಿ?" ಮಲ್ಲಪ್ಪ ಕೇಳಿದ.

"ಎಲ್ಲಾರ ಜೋಡೀನರಿ."

"ಛಲೋ ಆತ್ರಿ ಸರ. ಭಾಳ ಛಲೋ ಆತು." ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಶಾಂತವ್ವ ಒಳಗೆ ಓಡಿ ಸಕ್ಕರೆ ಡಬ್ಬಿ ತಂದು ಮೊದಲು ನನ್ನ ಬಾಯಿಗೆ, ಆಮೇಲೆ ಮಾವನ ಬಾಯಿಗೆ ಹಾಕಿದಳು. ಮಗಳು ಬೈಸಿಕೊಂಡದ್ದಕ್ಕೆ ಸಕ್ಕರೆ ಹಂಚಿದ ಮನೆ ಈ ಸೀಮೆಯಲ್ಲಿ ಅದೊಂದೇ ಇರಬೇಕು.

ಸಂಜೆ ಭಾಗ್ಯಾ ಬಂದಳು. ಕೋಲು ಮಡಚಿ ಬ್ಯಾಗು ಎಸೆದಳು. ಮುಖ ಊದಿಕೊಂಡಿತ್ತು.

"ಮಾತಾಡಿದಾಕಿ ಸವಿತಾ. ನಾ ಬರೇ ನಕ್ಕಿದ್ದೆ. ನನ್ನೂ ಹೊರಗ ಹಾಕಿದ್ರು. ಇದು ನ್ಯಾಯ ಏನ? ನಾ ನಾಳಿಂದ ಸಾಲಿಗಿ ಹೋಗಾಂಗಿಲ್ಲ ಅಂದ್ರ ಹೋಗಾಂಗಿಲ್ಲ!"

ಈ ಸಲ ಯಾರೂ ಹೆದರಲಿಲ್ಲ. ಮಲ್ಲಪ್ಪ ತೋಟದ ಮೋಟರು ಹಚ್ಚಲು ಹೋದ. ಶಾಂತವ್ವ ರೊಟ್ಟಿ ಬಡಿಯುತ್ತಲೇ ಒಳಗಿನಿಂದ, "ಕೈಕಾಲ ತೊಳ್ಕೊಂಡ ಉಣ್ಣಾಕ ಬಾ ಬೇ," ಅಂದಳು.